ಸರ್ಜರಿ ವಾರ್ಡಿನಲ್ಲಿ ಟವೆಲ್ ಹೊದ್ದ ಕುರ್ಚಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಇವುಗಳ ನಡುವೆ ಎಲ್ಲೋ ನಮ್ಮೂರು. ಹೆಸರು ಬೇಡ. ಹೆಸರು ಹೇಳಿದರೆ ನಮ್ಮೂರಿನ ಹೋರಾಟ ಸಮಿತಿಯವರು ಅದಕ್ಕೂ ಒಂದು ಸಮಾರಂಭ ಇಟ್ಟುಕೊಂಡು ನನ್ನನ್ನು ವೇದಿಕೆಗೆ ಕರೆದಾರು. ಅವರ ಸಮಾರಂಭಗಳಲ್ಲಿ ನಾನು ಎರಡು ಸಲ ಹಾರ ಹಿಡಿದಿದ್ದೇನೆ, ಸಾಕು.

ತೊಂಬತ್ತರ ದಶಕದಲ್ಲಿ ನಮ್ಮೂರಿನ ಸರ್ಕಾರಿ ದವಾಖಾನೆಯಲ್ಲಿ ಸರ್ಜನ್ ಇದ್ದರು. ಆಪರೇಷನ್ ಕೋಣೆ ಇತ್ತು. ಆಪರೇಷನ್ ಆದವರನ್ನು ಮಲಗಿಸಲಿಕ್ಕೆ ಒಂದು ವಾರ್ಡೂ ಇತ್ತು. ಅರಿವಳಿಕೆ ಕೊಡುವ ಡಾಕ್ಟರು ಮಾತ್ರ ವಾರಕ್ಕೊಮ್ಮೆ, ಗುರುವಾರ, ಬೇರೆ ಊರಿನಿಂದ ಪ್ಯಾಸೆಂಜರ್ ಗಾಡಿಗೆ ಬಂದು, ಮಧ್ಯಾಹ್ನದ ಗಾಡಿಗೆ ಹೋಗುತ್ತಿದ್ದರು. ಹೀಗಾಗಿ ನಮ್ಮೂರಲ್ಲಿ ಗುರುವಾರ ಅಂದರೆ ಕೊಯ್ಯುವ ವಾರ. ಸೋಮವಾರ ಹೊಟ್ಟೆ ಹಿಡಿದುಕೊಂಡು ಹೊರಳಾಡುವವನಿಗೂ ಮನೆಯವರು ಗುರುವಾರದ ತನಕ ತಡಿ ಅಂತ ಸಮಾಧಾನ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ತಡೆದವರೂ ಇದ್ದರು, ತಡೆಯಲಾಗದೆ ಹೋದವರೂ ಇದ್ದರು.

ಆದರೆ ಕೊಯ್ಯುವುದು ಅರ್ಧ ಕೆಲಸ. ಕೊಯ್ದ ಮೇಲೆ ಆ ಮನುಷ್ಯನ ಬಿ.ಪಿ., ಶುಗರ್, ಉಸಿರು, ಎದೆ ಇವನ್ನೆಲ್ಲ ನೋಡಿಕೊಳ್ಳಲಿಕ್ಕೆ ಒಬ್ಬ ಫಿಜಿಷಿಯನ್ ಬೇಕು. ಅವರು ಇರಲಿಲ್ಲ. ಇರಲಿಲ್ಲ ಅಂದರೆ ಸರ್ಕಾರಕ್ಕೆ ಸಿಟ್ಟು ಬರುತ್ತದೆ. ಹುದ್ದೆ ಇತ್ತು. ಹುದ್ದೆಗೆ ಮನುಷ್ಯರೂ ಇದ್ದರು. ಆ ಮನುಷ್ಯರು ಡೆಪ್ಯುಟೇಶನ್ ಮೇಲೆ ಇನ್ನೊಂದು ಕಡೆ ಇದ್ದರು, ಅಷ್ಟೇ. ಸರ್ಜರಿ ವಾರ್ಡಿನ ಬಾಗಿಲ ಪಕ್ಕದಲ್ಲಿ ಅವರ ಮೇಜು, ಕುರ್ಚಿ ಹಾಕಿದ್ದರು. ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿತ್ತು. ನಮ್ಮ ಕಡೆ ದೊಡ್ಡ ಅಧಿಕಾರಿ ಅಂದರೆ ಕುರ್ಚಿಗೆ ಟವೆಲ್ ಇರಲೇಬೇಕು. ಅಧಿಕಾರಿ ಇರದಿದ್ದರೂ ನಡೆಯುತ್ತದೆ. ಸಿಪಾಯಿ ದಿನಾ ಮುಂಜಾನೆ ಆ ಕುರ್ಚಿಯ ಧೂಳು ಝಾಡಿಸಿ, ಟವೆಲ್ ಸರಿಮಾಡಿ, ಮೇಲಿನ ಫ್ಯಾನ್ ಹಾಕುತ್ತಿದ್ದ. ಕಲ್ಲಿನ ಗಣಿ, ಸಿಮೆಂಟಿನ ಬೂದಿ ಸುತ್ತಲೂ ಇರುವ ಊರು; ಸಂಜೆಗೆ ಟವೆಲ್ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಕುರ್ಚಿ ದುಡಿದು ದಣಿದ ಹಾಗೆ ಕಾಣುತ್ತಿತ್ತು.

ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಈ ಕುರ್ಚಿಗೆ ಮನುಷ್ಯ ಬರಬೇಕು ಅಂತ ಹೋರಾಡುತ್ತಿದ್ದ ಸಮಿತಿಯ ಅಧ್ಯಕ್ಷರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮಧ್ವನವಮಿಗೆ ಎಷ್ಟು ಶ್ರದ್ಧೆಯೋ ಧರಣಿಗೂ ಅಷ್ಟೇ ಶ್ರದ್ಧೆ. ತಹಶೀಲ್ ಕಚೇರಿ ಮುಂದೆ ಶಾಮಿಯಾನ ಹಾಕಿಸಿ, ಜಮಖಾನೆ ಹಾಸಿಸಿ, ಕಚ್ಚೆ ಪಂಚೆ ಉಟ್ಟು ನಡುವೆ ಕುಂತರೆ ಎದ್ದೇಳುವ ಮಾತೇ ಇಲ್ಲ. ಉಪಾಧ್ಯಕ್ಷರು ಅಡತಿ ಅಂಗಡಿಯ ಸಾವಕಾರರು. ತೊಗರಿಬೇಳೆ ವ್ಯಾಪಾರ, ಹಣೆಯ ತುಂಬ ವಿಭೂತಿ, ಮೈಕ್ ಸಿಕ್ಕರೆ ಬಿಡದ ಕೈ. ಕಾಕಾ ಮನವಿ ಬರೆಯುವುದು, ಸಾವಕಾರರು ಅದನ್ನು ಮೈಕಿನಲ್ಲಿ ಓದುವುದು, ತಹಶೀಲ್ದಾರ ಸಾಹೇಬರು ತೆಗೆದುಕೊಳ್ಳುವುದು, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ನಮ್ಮ ಮನೆಯ ಗೋಡೆಯ ಮೇಲೆ ದೇವರ ಪಟಕ್ಕಿಂತ ಮನವಿಯ ಪಟ ಹೆಚ್ಚಾದವು.

ಈ ನಡುವೆ ಕಾಕಾಗೆ ಹರ್ನಿಯಾ ಆಗಿತ್ತು. ಪಂಚೆಯ ಒಳಗೆ ಬೆಲ್ಟ್ ಬಿಗಿದುಕೊಂಡು ಧರಣಿಗೆ ಕೂಡುತ್ತಿದ್ದರು. ಬಿ.ಪಿ. ಇತ್ತು, ಶುಗರ್ ಇತ್ತು, ದಮ್ಮೂ ಇತ್ತು. ಸರ್ಜನ್ ಕೈಯಿಟ್ಟು ನೋಡಿ, "ಕೊಯ್ಯೋದೇನು ದೊಡ್ಡ ಮಾತಲ್ರಿ. ಕೊಯ್ದ ಮ್ಯಾಲೆ ನಿಮ್ಮ ಎದಿ, ಉಸುರು ನೋಡ್ಲಿಕ್ಕ ಫಿಜಿಷಿಯನ್ ಬೇಕು. ಸೊಲ್ಲಾಪುರಕ್ಕ ಹೋಗ್ರಿ," ಅಂದುಬಿಟ್ಟರು.

ಕಾಕು, ಅಂದರೆ ಕಾಕಾನ ಹೆಂಡತಿ, ಅವತ್ತೇ ಚೀಲ ತುಂಬಿದಳು. ಕಾಕಾ ಚೀಲ ಬಿಚ್ಚಿಸಿದರು.

"ನಾ ಸೊಲ್ಲಾಪುರಕ್ಕ ಹೋದ್ರ ಮಂದಿ ಏನಂತಾರ? ಹೋರಾಟ ಮಾಡೋ ಅಧ್ಯಕ್ಷನೇ ಗಾಡಿ ಹತ್ತಿ ಓಡಿಹೋದ ಅಂತಾರ. ಆಪರೇಷನ್ ಆದ್ರ ಇಲ್ಲೇ, ಇಲ್ಲಂದ್ರ ಇಲ್ಲ."

"ಇಲ್ಲಂದ್ರ ಇಲ್ಲ ಅಂದ್ರೇನ್ರಿ?" ಅಂತ ಕಾಕು ಕೇಳಿದಳು.

ಕಾಕಾ ಬೆಲ್ಟ್ ಬಿಗಿದುಕೊಂಡು ಧರಣಿಗೆ ಹೊರಟರು. ಭಾಷಣ ಮಾಡುವವರ ತಾಪತ್ರಯ ಇದು. ಮನೆಯಲ್ಲಿ ಕೇಳುವವಳು ಒಬ್ಬಳೇ ಇದ್ದರೆ ಅವರಿಗೆ ಉತ್ತರ ಹೊಳೆಯುವುದಿಲ್ಲ. ಹರ್ನಿಯಾದಲ್ಲಿ ಕರುಳು ಒಂದು ದಿನ ಸಿಕ್ಕಿಬಿದ್ದರೆ ಜೀವಕ್ಕೆ ಅಪಾಯ ಅಂತ ಸರ್ಜನ್ ಹೇಳಿದ್ದರು. ಅದನ್ನು ಕಾಕು ದೇವರ ಮುಂದೆ ಕುಂತು ದಿನಾ ನೆನೆಸಿಕೊಳ್ಳುತ್ತಿದ್ದಳು. ನಾನು ಆಗ ಊರಿನ ಕನ್ಯಾಶಾಲೆಯಲ್ಲಿ ಟೀಚರು. ಶಾಲೆಯಿಂದ ಬಂದವಳೇ ಮೊದಲು ಕಾಕಾ ಸೊಂಟ ಹಿಡಿದುಕೊಂಡಿದ್ದಾರೋ ಇಲ್ಲವೋ ಅಂತ ನೋಡುವುದು ನನಗೆ ರೂಢಿಯಾಗಿತ್ತು.

ಕೊನೆಗೆ ಸರ್ಕಾರಕ್ಕೆ ಏನನ್ನಿಸಿತೋ, ಒಬ್ಬ ಫಿಜಿಷಿಯನ್ ಬಂದರು. ಹಳೇ ಮೈಸೂರು ಕಡೆಯವರು, ತೆಳ್ಳಗೆ, ಇನ್ನೂ ಮದುವೆಯಾಗದವರು. ಬಂದ ದಿನವೇ ಊರು ಅವರ ಮೇಲೆ ಬಿತ್ತು. ಮುಂಜಾನೆ ಒಬ್ಬರ ಮನೆಯ ಮಂಡಕ್ಕಿ ಸುಸಲಾ, ಮಧ್ಯಾಹ್ನ ಇನ್ನೊಬ್ಬರ ಮನೆಯ ರೊಟ್ಟಿ, ಪುಂಡಿಪಲ್ಯ, ಸಂಜೆ ಮತ್ತೊಬ್ಬರ ಮನೆಯ ಮಿರ್ಚಿಭಜಿ. ಪಾಪ, ಅವರ ಹೊಟ್ಟೆಯೇ ಕೆಟ್ಟು, ಊರಿಗೆ ಬಂದ ಫಿಜಿಷಿಯನ್ ನೋಡಿದ ಮೊದಲ ಪೇಷಂಟ್ ಅವರೇ ಆದರು.

ಗುಣವಾಗಿ ಎದ್ದವರು ಸಮಿತಿಯವರನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿದರು. "ನಾನು ಹಗಲು ನೋಡ್ಕೋತೀನಿ. ರಾತ್ರಿ ಯಾರು ಸಾರ್? ಆಪರೇಷನ್ ಆದವರನ್ನ ನೋಡೋಕೆ ಒಬ್ಬ ಡಾಕ್ಟರ್ ಸಾಕಾಗಲ್ಲ. ಇನ್ನೂ ಇಬ್ಬರು ಬೇಕು."

ಸಾವಕಾರರು ಕೈಮುಗಿದರು. "ನೀವೊಬ್ರೇ ಹತ್ತು ಮಂದಿಗಿ ಸಮ ರೀ ಸಾಹೇಬ್ರ. ಆದ್ರೂ ಅದಕ್ಕೊಂದು ಠರಾವು ಮಾಡೂಣಂತ. ಮೊದಲ ನಿಮ್ಮ ಸನ್ಮಾನ ಆಗ್ಲಿ."

ಸನ್ಮಾನ! ನಮ್ಮ ಕಡೆ ಮನುಷ್ಯನಿಂದ ಕೆಲಸ ತಗೊಳ್ಳುವ ಮೊದಲು ಅವನಿಗೆ ಶಾಲು ಹೊದಿಸಬೇಕು. ಹೊದಿಸದಿದ್ದರೆ ಊರಿಗೆ ಅವಮಾನ. ಸುಡು ಬಿಸಿಲಿನಲ್ಲಿ ಉಣ್ಣೆಯ ಶಾಲು, ತಲೆಗೆ ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿ, ಅವನ ಮುಂದೆಯೇ ಅವನು ಇನ್ನೂ ಮಾಡಿರದ ಕೆಲಸವನ್ನು ಹೊಗಳಬೇಕು. ಆದರೆ ಸಮಾರಂಭಕ್ಕೆ ಜಿಲ್ಲೆಯ ದೊಡ್ಡ ಸಾಹೇಬರ ಟೈಮು ಸಿಗಬೇಕಲ್ಲ. ಸಿಕ್ಕಿದ್ದು ಒಂದು ಗುರುವಾರ ಮಧ್ಯಾಹ್ನದ ಮೇಲೆ. ಅದೇ ಗುರುವಾರ ಮುಂಜಾನೆ ಕಾಕಾನ ಆಪರೇಷನ್.

ಬೇರೆ ಯಾವ ಊರಿನಲ್ಲಾದರೂ ಎರಡರಲ್ಲಿ ಒಂದನ್ನು ಮುಂದೆ ಹಾಕುತ್ತಿದ್ದರು. ಡಾಕ್ಟರರೂ ಅದನ್ನೇ ಹೇಳಿದರು. ಆಪರೇಷನ್ ದಿನ ನಾನು ವಾರ್ಡ್ ಬಿಟ್ಟು ಬರೋಕಾಗಲ್ಲ ಅಂದರು. ಕಾಕಾ ಕೇಳಲಿಲ್ಲ. ಅರಿವಳಿಕೆಯವರು ಗುರುವಾರ ಬಿಟ್ಟರೆ ಬರುವುದಿಲ್ಲ, ಸಾಹೇಬರು ಆ ಗುರುವಾರ ಬಿಟ್ಟರೆ ಬರುವುದಿಲ್ಲ, ಎರಡೂ ಆಗಲೇಬೇಕು ಅಂತ ತೀರ್ಮಾನ ಕೊಟ್ಟರು.

"ದವಾಖಾನಿ ಎದುರಿನ ಮೈದಾನದಾಗೇ ಇಡ್ರಿ. ಕೂಗಿದ್ರ ಕೇಳ್ತದ. ನಾ ಮಲಗೇ ಕೇಳ್ತೀನಿ. ಮೈಕಿನ ಹಾರ್ನ್ ಒಂದು ನನ್ನ ಕಿಟಕಿ ಕಡಿ ತಿರಗಿಸ್ರಿ, ಅಷ್ಟ ಸಾಕು."

ತಿರುಗಿಸಿದರು. ಕಂಬಕ್ಕೆ ಕಟ್ಟಿದ ದೊಡ್ಡ ಹಾರ್ನ್ ಒಂದು ಸರ್ಜರಿ ವಾರ್ಡಿನ ಕಿಟಕಿಗೆ ಬಾಯಿ ತೆರೆದುಕೊಂಡು ನಿಂತಿತು. ರೋಗಿಗಳಿಗೆ ವಿಶ್ರಾಂತಿ ಬೇಕು, ಗದ್ದಲ ಮಾಡಬೇಡಿ ಅಂತ ಬರೆದಿದ್ದ ಹಲಗೆಯ ನೇರಕ್ಕೇ ಇತ್ತು ಅದು.

ಮುಂಜಾನೆ ಆಪರೇಷನ್ ಚೆನ್ನಾಗಿಯೇ ಆಯಿತು. ಕಾಕಾನನ್ನು ವಾರ್ಡಿಗೆ ತಂದು ಮಲಗಿಸಿದರು. ಅರಿವಳಿಕೆಯವರು ತಮ್ಮ ಗಾಡಿಗೆ ಹೊರಟುಹೋದರು. ಡಾಕ್ಟರರು ಕಾಕಾನ ಹಾಸಿಗೆ ಪಕ್ಕದಿಂದ ಏಳಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಬ್ಯಾಂಡ್‌ನವರ ಸಮೇತ ಸಾವಕಾರರು ಬಂದು ಬಾಗಿಲಲ್ಲಿ ನಿಂತರು.

"ಬರೇ ಶಾಲು ಹಾಕಿಸ್ಕೊಂಡು ಬಂದುಬಿಡ್ರಿ ಸಾಹೇಬ್ರ. ಐದ್ ನಿಮಿಷ."

ಡಾಕ್ಟರರು ಆಗಲ್ಲ ಅಂತ ತಲೆಯಾಡಿಸಿದರು. ಆಗ ಹಾಸಿಗೆಯಿಂದ ಕಾಕಾ, ಇನ್ನೂ ಕಾಲಿನ ಜೋಮು ಇಳಿಯದ ಮನುಷ್ಯ, ಕೈ ಜೋಡಿಸಿದರು. "ನನ್ನ ಮಾತು ನಡಸ್ರಿ ಡಾಕ್ಟರ್. ಇಡೀ ತಾಲ್ಲೂಕು ಕುಂತದ. ನನಗೇನಾಗ್ತದ? ಆರಾಮ ಇದ್ದೀನಿ."

ಡಾಕ್ಟರರು ನಾಡಿ ನೋಡಿ, ಬಿ.ಪಿ. ನೋಡಿ, ಸಿಸ್ಟರ್‌ಗೆ ಏನೋ ಹೇಳಿ, ನನ್ನ ಕಡೆ ತಿರುಗಿ, "ಸ್ವಲ್ಪ ಏನಾದ್ರೂ ಅನ್ನಿಸಿದ್ರೆ ತಕ್ಷಣ ಬನ್ನಿ," ಅಂದರು. ಬ್ಯಾಂಡ್ ಶುರುವಾಯಿತು. ಸರ್ಜನ್ ಆಗಲೇ ವೇದಿಕೆಯ ಮೇಲೆ ಇದ್ದರು. ದವಾಖಾನೆಯ ಮಂದಿಯೆಲ್ಲ ಮುಂದಿನ ಸಾಲಿನಲ್ಲಿ ಕುಂತಿದ್ದರು. ವಾರ್ಡಿನಲ್ಲಿ ಉಳಿದವರು ಕಾಕಾ, ಕಾಕು, ನಾನು, ಒಬ್ಬ ಸಿಸ್ಟರ್, ಮತ್ತು ಟವೆಲ್ ಹೊದ್ದ ಆ ಕುರ್ಚಿ.

ಹಾರ್ನ್ ಮಾತಾಡತೊಡಗಿತು. ಪ್ರಾರ್ಥನೆ, ಸ್ವಾಗತ, ಪುಷ್ಪಾರ್ಪಣೆ, ದೀಪ ಬೆಳಗುವುದು. ಗಾಳಿಗೆ ದೀಪ ಹತ್ತಲಿಲ್ಲವೆಂದು ಕಾಣುತ್ತದೆ, ಆ ಕಡ್ಡಿಪೆಟ್ಟಿಗೆ ಕೊಡು ಈ ಕಡ್ಡಿಪೆಟ್ಟಿಗೆ ಕೊಡು ಅನ್ನುವುದೂ ನಮಗೆ ಕೇಳಿಸಿತು. ಕಾಕಾ ಕಣ್ಣು ಮುಚ್ಚಿ ನಗುತ್ತಾ ಕೇಳುತ್ತಿದ್ದರು. ಐದು ನಿಮಿಷ ಹೋಗಿ ಎಷ್ಟೋ ಹೊತ್ತಾಯಿತು. ಸಾವಕಾರರ ಭಾಷಣ ಶುರುವಾಯಿತು.

"ಇನ್ನ ಮ್ಯಾಲೆ ನಮ್ಮ ಊರಾಗ ಆಪರೇಷನ್ ಆದ ಮನುಷ್ಯ ಒಬ್ಬನೇ ಇರೂದಿಲ್ಲ! ಹಗಲೂ ರಾತ್ರಿ ಅವನ ಮಗ್ಗಲಾಗ ಡಾಕ್ಟರ್ ಸಾಹೇಬ್ರು ಕುಂತಿರ್ತಾರ!"

ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಕಾಕಾನ ಹಣೆಯಲ್ಲಿ ಬೆವರು ಕಂಡೆ. ನಗು ಇರಲಿಲ್ಲ. ಉಸಿರು ಸುಂಯ್ ಸುಂಯ್ ಅನ್ನುತ್ತಿತ್ತು. "ಎದಿ ಹಿಡದಂಗ ಆಗ್ಲಿಕತ್ತದ," ಅಂದರು. ಸಿಸ್ಟರ್ ಬಿ.ಪಿ. ನೋಡಿ, ಇನ್ನೊಮ್ಮೆ ನೋಡಿ, ಆಕ್ಸಿಜನ್ ಹಚ್ಚುತ್ತಾ, "ಓಡ್ರಿ, ಡಾಕ್ಟರ್‌ನ ಕರಕೊಂಡ್ ಬರ್ರಿ," ಅಂದಳು.

ಓಡಿದೆ. ಚಪ್ಪಲಿ ಎಲ್ಲಿ ಬಿದ್ದವೋ ನೋಡಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತಿದೆನೋ ಇಲ್ಲವೋ, ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಹಿಂದಿನಿಂದ ನನ್ನ ಕೈಗೆ ಒಂದು ಹಾರ ಇಟ್ಟು, ಬೇರೆ ಮೈಕಿನಲ್ಲಿ ಸಾರಿಬಿಟ್ಟರು: "ಈಗ ಸಮಸ್ತ ಮಹಿಳೆಯರ ಪರವಾಗಿ, ಅಧ್ಯಕ್ಷರ ಅಣ್ಣನ ಮಗಳಿಂದ ಮಾಲಾರ್ಪಣೆ!"

ಆ ದಿನದ ಪಟ್ಟಿಯಲ್ಲಿ ಮಹಿಳೆಯರ ಪರವಾಗಿ ಹಾರ ಹಾಕುವವರು ಬಂದಿರಲಿಲ್ಲವಂತೆ. ವೇದಿಕೆ ಹತ್ತಿದ ಹೆಂಗಸು ಹಾರ ಹಾಕಲಿಕ್ಕಲ್ಲದೆ ಇನ್ಯಾತಕ್ಕೆ ಬಂದಾಳು? ನಾನು ಡಾಕ್ಟರರ ಕೊರಳಿಗೆ ಹಾರ ಹಾಕಿದೆ, ಬಗ್ಗಿ ಕಿವಿಯಲ್ಲಿ ಹೇಳಿದೆ. ಅವರು ದಡಕ್ಕನೆ ಎದ್ದರು. ಎರಡೂ ಕಡೆ ಕುಂತವರು ಅವರ ಹೆಗಲು ಹಿಡಿದು ಕೂರಿಸಿದರು. ಸನ್ಮಾನಿತರು ಎದ್ದು ನಿಂತರೆ ಅದು ವಿನಯ, ಹಿಡಿದು ಕೂರಿಸುವುದು ಮರ್ಯಾದೆ. ಇದು ನಮ್ಮ ಕಡೆಯ ರಿವಾಜು. ಅವರು ಮತ್ತೆ ಎದ್ದರು. ಇವರು ಮತ್ತೆ ಕೂರಿಸಿದರು. ಸಾವಕಾರರು ಭಾಷಣ ನಿಲ್ಲಿಸಲಿಲ್ಲ. "ನೋಡ್ರಿ, ಎಂಥಾ ಸಾದಾ ಮನುಷ್ಯ!" ಅಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾವಕಾರರ ಕೈಯಿಂದ ಮೈಕ್ ಕಸಿದುಕೊಂಡೆ. ಆ ಕೈಯಿಂದ ಮೈಕ್ ಕಸಿದವರು ಊರಿನಲ್ಲಿ ನಾನೊಬ್ಬಳೇ ಅಂತ ಇವತ್ತಿಗೂ ಹೇಳುತ್ತಾರೆ.

"ನಿಮ್ಮ ಅಧ್ಯಕ್ಷರು ಅಲ್ಲಿ ಸಾಯ್ಲಿಕತ್ತಾರ! ಡಾಕ್ಟರ್‌ನ ಬಿಡ್ರೀ!"

ಹಿಂದಿನ ಸಾಲಿನವರು ರೂಢಿಯಂತೆ ಚಪ್ಪಾಳೆ ಹೊಡೆದರು.

ಆಮೇಲೆ ಮುಂದಿನವರಿಗೆ ತಿಳಿಯಿತು. ಡಾಕ್ಟರರು ಪೇಟ, ಶಾಲು, ಕೊರಳ ತುಂಬ ಚೆಂಡುಹೂವಿನ ಹಾರ, ಇಷ್ಟನ್ನೂ ಹೊತ್ತುಕೊಂಡೇ ವೇದಿಕೆಯಿಂದ ಜಿಗಿದು ಓಡಿದರು. ಹಿಂದೆ ಸರ್ಜನ್, ಅವರ ಹಿಂದೆ ನಾನು, ನನ್ನ ಹಿಂದೆ ಏನೆಂದು ತಿಳಿಯದ ಬ್ಯಾಂಡ್‌ನವರು. ವಾರ್ಡಿನಲ್ಲಿ ಅವರು ಕೆಲಸ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಒಂದು ಮಾತು ಹೆಚ್ಚಿಲ್ಲ, ಒಂದು ಕೈ ಸುಮ್ಮನಿಲ್ಲ. ಇಂಜೆಕ್ಷನ್, ಸಲೈನ್, ಮತ್ತೆ ಇಂಜೆಕ್ಷನ್. ಪೇಟ ಕಣ್ಣ ಮೇಲೆ ಜಾರಿದಾಗ ಕಾಕು ಅದನ್ನು ತೆಗೆದು ಆ ಕುರ್ಚಿಯ ಮೇಲಿಟ್ಟಳು. ಹೊತ್ತು ಮುಳುಗುವಾಗ ಕಾಕಾನ ಉಸಿರು ದಾರಿಗೆ ಬಂತು. ಕಾಕು ಡಾಕ್ಟರರ ಕಾಲು ಮುಟ್ಟಲಿಕ್ಕೆ ಹೋದಳು. ಅವರು ಹಿಂದೆ ಸರಿದು, ಇನ್ನೊಮ್ಮೆ ಬಿ.ಪಿ. ನೋಡಲಿಕ್ಕೆ ಕುಂತರು.

ಕಾಕಾ ಮರುದಿನ ಮಾತಾಡಿದರು. ಮೊದಲ ಮಾತು: "ಮೈಕಿನಾಗ ಹಂಗ ಅಂತಾರೇನು? ನಾ ಇಲ್ಲಿ ಮಲಗಿದಾಂವ, ನಾ ಸಾಯ್ಲಿಕತ್ತೀನಿ ಅಂತ ನನಗೇ ಹಾರ್ನ್‌ನಾಗ ಕೇಳಿಸ್ತು!" ಎರಡನೆಯ ಮಾತು: "ಮಂದಿ ಎಷ್ಟ್ ಕೂಡಿತ್ತು?"

ವಂದನಾರ್ಪಣೆ ಉಳಿದುಬಿಟ್ಟಿತ್ತು ಅಂತ ಸಾವಕಾರರು ವಾರ್ಡಿನ ಬಾಗಿಲಲ್ಲಿ ನಿಂತು, ಮೈಕ್ ಇಲ್ಲದೆಯೇ, ಅದನ್ನು ಮುಗಿಸಿ ಹೋದರು.

ಡಾಕ್ಟರರು ಕೇಳಿದ ಇನ್ನಿಬ್ಬರು ಬರಲೇ ಇಲ್ಲ. ಅವರಿಗಾಗಿ ಠರಾವು ಆಯಿತು. ಹಗಲೂ ಅವರೇ, ರಾತ್ರಿಯೂ ಅವರೇ. ಕಣ್ಣು ಒಳಗೆ ಹೋದವು. ಒಮ್ಮೆ ತಾಯಿಯನ್ನು ನೋಡಿ ಬರುತ್ತೇನೆ ಅಂತ ರಜೆ ಹಾಕಿದರು. ಸಮಿತಿಗೆ ಸುದ್ದಿ ಗೊತ್ತಾಯಿತು. ನಮ್ಮ ಡಾಕ್ಟರರನ್ನು ಊರು ಬಿಟ್ಟು ಹೋಗಲು ಬಿಡುವುದಿಲ್ಲ ಅಂತ, ಅವರ ರಜೆಯ ವಿರುದ್ಧ ಧರಣಿ ಕುಂತರು! ಪ್ರೀತಿಯಿಂದಲೇ ಕುಂತರು. ಹೊಲಿಗೆ ಬಿಚ್ಚಿಸಿಕೊಂಡ ಕಾಕಾನೂ ನಡುವೆ ಕುಂತಿದ್ದರು. ನಾನು ಹೋಗಿ, "ಕಾಕಾ, ಅವ್ರಿಗೂ ಅವ್ವ ಅದಾಳ," ಅಂದೆ. "ತಂಗಿ, ನಿನಗ ಹೋರಾಟ ತಿಳಿಯೂದಿಲ್ಲ," ಅಂದರು. ರಜೆ ರದ್ದಾಯಿತು. ಡಾಕ್ಟರರು ಮುಂದೆ ಸ್ವಲ್ಪ ದಿನಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಬೀಳ್ಕೊಡುಗೆ ಸಮಾರಂಭ ಇಟ್ಟರು. ಅವರು ಅದಕ್ಕೆ ನಿಲ್ಲಲಿಲ್ಲ. ಪೇಟವನ್ನು ನಮ್ಮ ಮನೆಗೆ ಕೊಟ್ಟು ಕಳಿಸಿದ್ದರು. ಕುರ್ಚಿಗೆ ಮತ್ತೆ ಟವೆಲ್ ಬಂತು, ಕಾಕಾ ಮತ್ತೆ ಶಾಮಿಯಾನದ ಕೆಳಗೆ ಬಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸರ್ಕಾರ ಮನವಿಗಳಿಗೆ ಓಗೊಟ್ಟಿತು. ಸರ್ಜರಿ ಆದವರಿಗೆಂದೇ ಹೊಸ ವಾರ್ಡ್ ಕಟ್ಟಿತು. ಏ.ಸಿ., ಎತ್ತಿ ಇಳಿಸುವ ಮಂಚ, ಎದೆಬಡಿತ ತೋರಿಸುವ ಟಿ.ವಿ., ಎಲ್ಲ ಬಂದವು. ಉದ್ಘಾಟನೆಯ ಕಲ್ಲು ನಮ್ಮದೇ ಫರಸಿಕಲ್ಲು, ನುಣ್ಣಗೆ ಪಾಲಿಶ್ ಮಾಡಿದ್ದು. ಹೊಸ ಕುರ್ಚಿಯೂ ಬಂತು, ಗಾಲಿಯದ್ದು, ಹೊಸ ಟವೆಲ್ ಸಮೇತ. ಕೂಡುವವರು ಬರಲಿಲ್ಲ. ಬೀಗ ಹಾಕಿಟ್ಟರು, ಮಷೀನ್ ಕೆಡಬಾರದಲ್ಲ.

ಆ ಹೊತ್ತಿಗೆ ಕಾಕಾಗೆ ಭಾಳ ವಯಸ್ಸಾಗಿತ್ತು. ಒಂದು ಮುಂಜಾನೆ ಹೊಟ್ಟೆ ಉಬ್ಬಿ, ವಾಂತಿ ಶುರುವಾಯಿತು. ಕರುಳು ಸಿಕ್ಕಿಕೊಂಡದ ಅಂದರು ಹೊಸದಾಗಿ ಬಂದಿದ್ದ ಸರ್ಜನ್. ತಡ ಮಾಡುವ ಹಾಗಿಲ್ಲ, ಕೊಯ್ಯಬಹುದು, ಆದರೆ ಈ ಎದೆಯನ್ನು ಆಮೇಲೆ ನೋಡಿಕೊಳ್ಳುವವರು ಇಲ್ಲಿಲ್ಲ ಅಂದರು. ಬೀಗ ಹಾಕಿದ ವಾರ್ಡಿನ ಹೊರಗೆ, ವರಾಂಡದ ಸ್ಟ್ರೆಚರ್ ಮೇಲೆ ಕಾಕಾ ಮಲಗಿದ್ದರು. ನಾನು ಅವರು ಬೈಯುತ್ತಾರೆ, ಆದ್ರ ಇಲ್ಲೇ ಇಲ್ಲಂದ್ರ ಇಲ್ಲ ಅನ್ನುತ್ತಾರೆ ಅಂತ ಕಾದೆ. ಅನ್ನಲಿ ಅಂತಲೂ ಒಳಗೊಳಗೆ ಅನ್ನಿಸುತ್ತಿತ್ತು. ಅವರು ನನ್ನ ಕೈ ಹಿಡಿದು ಮೆಲ್ಲಗೆ ಅಂದರು: "ಹೊರಗ ಒಯ್ಯಿರಿ."

ಅಷ್ಟು ವರ್ಷಗಳ ಶಾಮಿಯಾನ ಆ ಎರಡು ಮಾತಿನಲ್ಲಿ ಬಿಚ್ಚಿ ಬಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಜೀಪಿನಲ್ಲಿ ಗುಲಬರ್ಗಾದ ದಾರಿ ಹಿಡಿದೆವು. ಸಿಮೆಂಟಿನ ಲಾರಿಗಳ ಹಿಂದೆ ಹಿಂದೆಯೇ ಹೋಗಬೇಕಾದ ರಸ್ತೆ. ಕಾಕಾನ ತಲೆ ನನ್ನ ತೊಡೆಯ ಮೇಲಿತ್ತು. ಒಂದೆಡೆ ಕಣ್ಣು ತೆರೆದು ಕೇಳಿದರು:

"ಅಲ್ಲಿ ರಾತ್ರಿ ಡಾಕ್ಟರ್ ಇರ್ತಾರೇನು ತಂಗಿ?"

"ಇರ್ತಾರ ಕಾಕಾ."

"ಎಷ್ಟ್ ಮಂದಿ?"

"ಭಾಳ ಮಂದಿ ಅದಾರ."

"ಹಂಗಿರಬೇಕು," ಅಂದರು. ಗುಲಬರ್ಗಾ ಇನ್ನೂ ದೂರ ಇತ್ತು. ನಾವು ಮುಟ್ಟುವಾಗ ಅವರು ಇರಲಿಲ್ಲ.

ಸಮಿತಿ ಶ್ರದ್ಧಾಂಜಲಿ ಸಭೆ ಇಟ್ಟಿತು. ಎಲ್ಲಿ ಅಂದುಕೊಂಡಿರಿ? ಹೊಸ ವಾರ್ಡಿನ ಒಳಗೇ. ಅದಕ್ಕಾಗಿ ಬೀಗ ತೆಗೆಸಿದ್ದರು, ಏ.ಸಿ. ಹಾಕಿಸಿದ್ದರು. ಮಂಚಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಕಾಕಾನ ದೊಡ್ಡ ಫೋಟೋಕ್ಕೆ ಚೌಕಟ್ಟು ಕಟ್ಟಿಸಿ, ಎದೆಬಡಿತದ ಮಷೀನಿನ ಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದರು. ಸಾವಕಾರರ ದನಿ ನಡುಗುತ್ತಿತ್ತು, ಅವರ ಕಣ್ಣೀರು ಸುಳ್ಳಲ್ಲ. "ನಮ್ಮ ಅಧ್ಯಕ್ಷರು ಎಲ್ಲಿ ಹೋಗ್ಯಾರ? ಇಲ್ಲೇ ಅದಾರ. ಇನ್ನ ಮ್ಯಾಲೆ ಹಗಲೂ ರಾತ್ರಿ ಈ ವಾರ್ಡಿನಾಗ ಅವ್ರೇ ಇರ್ತಾರ!"

ಸಾವಕಾರರು ತಮ್ಮ ಜೀವನದಲ್ಲಿ ಆಡಿದ ಪೂರಾ ಖರೇ ಮಾತು ಅದೊಂದೇ. ಬೇರೆ ಯಾರೂ ಇರುವುದಿಲ್ಲವಲ್ಲ.

ಆಮೇಲೆ ಅದೇ ಮೇಷ್ಟ್ರು, ತಲೆ ನೆರೆತಿತ್ತು, ನನ್ನ ಕೈಗೆ ಹಾರ ಇಟ್ಟು ಅದೇ ದನಿಯಲ್ಲಿ ಸಾರಿದರು: "ಈಗ ಸಮಸ್ತ ಮಹಿಳೆಯರ ಪರವಾಗಿ, ಅಧ್ಯಕ್ಷರ ಅಣ್ಣನ ಮಗಳಿಂದ ಮಾಲಾರ್ಪಣೆ."

ನಾನು ಎದ್ದೆ. ಫೋಟೋದ ಕಡೆ ಹೋಗಲಿಲ್ಲ. ಮೂಲೆಯಲ್ಲಿದ್ದ ಆ ಗಾಲಿ ಕುರ್ಚಿಯನ್ನು ಎಲ್ಲರಿಗೂ ಕಾಣುವ ಹಾಗೆ ನಡುವೆ ಎಳೆದು, ಟವೆಲ್‌ನ ಮೇಲೆ ಹಾರ ಹಾಕಿ, ಅದಕ್ಕೆ ಕೈಮುಗಿದೆ. ಯಾರಾದರೂ ನಾಚಿಕೊಂಡಾರು, ಒಬ್ಬರಾದರೂ ತಲೆ ತಗ್ಗಿಸಿಯಾರು ಅಂತ ಸ್ವಲ್ಪ ಹೊತ್ತು ನಿಂತೆ.

ಚಪ್ಪಾಳೆ ಬಿತ್ತು.